ಕುರ್ಚಿಗೆ ಬರುವ ಮುನ್ನ

"ರೋಗಿ ಮಾತು ಮುಗಿಸೋ ತನಕ ಕಾಯಿಲೆ ಹೆಸರು ಎತ್ತಬೇಡಪ್ಪ. ಬೇರೆ ಕಡೆ ಏನಾದ್ರೂ ಮಾಡ್ಕೋ, ಈ ಕೋಣೇಲಿ ಮಾತ್ರ ಬೇಡ."

ಮಾನಸಿಕ ಆಸ್ಪತ್ರೆಯ ಹೊರರೋಗಿಗಳ ಕೋಣೆಯ ಬೀಗದಕೈಯನ್ನು ಹೊಸಬನ ಅಂಗೈಗೆ ಹಾಕುತ್ತ, ನಿವೃತ್ತಿಯಾಗಿ ಹೊರಟಿದ್ದ ಹಿರಿಯ ವೈದ್ಯರು ಹೇಳಿದ ಮಾತಿದು.

"ಯಾಕೆ ಸಾರ್, ಕಾಯಿಲೆಗೆ ಬೇಜಾರಾಗುತ್ತಾ?" ಹೊಸಬ ನಕ್ಕ.

ಹಿರಿಯರು ನಗಲಿಲ್ಲ. ಬಾಗಿಲತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು. "ನನಗಿಂತ ಹಿಂದೆ ಇಲ್ಲಿದ್ದವನು ಒಬ್ಬಳು ತಾಯಿಯ ಬಾಯಿ ಮುಚ್ಚಿಸಿ ಕಾಯಿಲೆ ಹೆಸರಿಟ್ಟ. ಅವಳ ಮಗು ಎಲ್ಲೋ ಸಿಕ್ಕಿಹಾಕ್ಕೊಂಡಿತ್ತು. ಅದನ್ನ ಹೇಳೋಕೇ ಬಂದಿದ್ದಳು. ಮಗು ಹೋಯ್ತು. ಆಮೇಲೆ ಅವಳು ತನ್ನ ತಲೆಗೂದಲು ಸುಟ್ಟು ಈ ಹೊಸಿಲ ಕೆಳಗೆ ಹೂತಳು. ಕೇಳದೆ ಹೆಸರಿಟ್ಟವನ ಮಾತೂ ಹುಚ್ಚು ಅಂತಲೇ ಕೇಳಿಸ್ಲಿ ಅಂತ ಶಾಪ ಹಾಕಿದ್ಳು."

ಹೂತದ್ದು ಕೂದಲಲ್ಲ, ಮಗುವಿನ ಅಂಗಿಯ ಬೂದಿ ಎಂದು ಹೇಳುವವರೂ ಉಂಟು. ಹೊಸಿಲ ವಿಷಯದಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

"ಹುಚ್ಚಾಸ್ಪತ್ರೆಗೇ ಮಾಟವಾ! ಹೊರಡೋ ಮುಂಚೆ ಈ ಕುರ್ಚೀಲಿ ಒಂದ್ಸಲ ಕೂತ್ಕೊಳ್ಳಿ ಸಾರ್, ನಿಮ್ಮನ್ನೂ ನೋಡಿಬಿಡ್ತೀನಿ" ಎಂದ ಹೊಸಬ. ಹಿರಿಯರು ಕೊಡೆ ಎತ್ತಿಕೊಂಡು, ಹೊಸಿಲನ್ನು ತುಳಿಯದಂತೆ ಕಾಲೆತ್ತಿಟ್ಟು ಹೊರಟುಹೋದರು.

ಹೊಸಬನನ್ನು ವಿದ್ಯಾರ್ಥಿಗಳು ಹದ್ದು ಎಂದು ಕರೆಯುತ್ತಿದ್ದರು. ಅದು ಅವನಿಗೆ ಗೊತ್ತಿತ್ತು, ಹೆಮ್ಮೆಯೂ ಇತ್ತು. ರೋಗಿ ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ಬರುವಷ್ಟರಲ್ಲಿ ಅವನು ಕಾಯಿಲೆಯ ಹೆಸರು ಹೇಳಿ ಮುಗಿಸುತ್ತಿದ್ದ. ತಪ್ಪಿ ಹಾಕಿದ ಗುಂಡಿ, ಎಳೆದಿಟ್ಟ ಹೆಜ್ಜೆ, ನಿದ್ದೆಗೆಟ್ಟ ಕಣ್ಣು, ಅವನಿಗೆ ಇಷ್ಟೇ ಸಾಕು. ಖಿನ್ನತೆ, ಉನ್ಮಾದ, ಗೀಳು ಎಂದು ಒಬ್ಬೊಬ್ಬರನ್ನೂ ಒಂದೊಂದು ಗೂಡಿಗೆ ಎಸೆದುಬಿಡುತ್ತಿದ್ದ. ಲಕ್ಷಣಗಳು ಎಷ್ಟು ಕಾಲದಿಂದ ಇವೆ, ಬೇರೆ ಕಾರಣವೇನಾದರೂ ಇದೆಯೇ, ರೋಗಿ ಹೇಳುತ್ತಿರುವುದು ನಿಜವೇ ಇರಬಹುದೇ, ಇಷ್ಟನ್ನೂ ವಿಚಾರಿಸಿದ ಮೇಲೆಯೇ ಹೆಸರಿಡಬೇಕೆಂದು ಪಾಠ ಮಾಡುತ್ತಿದ್ದವನೂ ಅವನೇ. ಗೊತ್ತಿಲ್ಲದೆ ಮಾಡಿದವನಲ್ಲ.

ಅಂದು ಮಧ್ಯಾಹ್ನ ಒಬ್ಬ ದರ್ಜಿ ಹೆಂಗಸು ಬಂದಳು. ಸೆರಗಿಗೆ ದಾರದ ತುಣುಕುಗಳು ಅಂಟಿಕೊಂಡಿದ್ದವು. ಹಿಂದೆ ಅವಳ ತಂಗಿಯ ಗಂಡ ಇದ್ದ. ಇಸ್ತ್ರಿ ಮಾಡಿದ ಅಂಗಿ, ಬೆಣ್ಣೆಯಂಥ ಮಾತು.

"ನಮ್ಮತ್ತಿಗೆಗೆ ಗೋಡೆ ಒಳಗೆ ತಂಗಿ ಕೆರೆಯೋ ಸದ್ದು ಕೇಳುತ್ತಂತೆ ಡಾಕ್ಟ್ರೇ. ನಾನೇ ಕೂಡಿಹಾಕಿದೀನಿ ಅಂತಾರೆ. ನನ್ನ ಹೆಂಡ್ತಿ ಊರಲ್ಲೇ ಇಲ್ಲ. ಕೆಲಸ ಸಿಕ್ಕಿ ದೂರ ಹೋಗಿದ್ದಾಳೆ."

"ಡಾಕ್ಟ್ರೇ, ನಮ್ಮನೇಗೂ ಇವರ ಮನೇಗೂ ಒಂದೇ ಗೋಡೆ," ಹೆಂಗಸು ಕುರ್ಚಿಯ ಬೆನ್ನಿಗೆ ಕೈಯಿಟ್ಟಳು, "ರಾತ್ರಿ ಅವಳು..."

ಹದ್ದು ಅವಳತ್ತ ನೋಡಲಿಲ್ಲ. ಪಕ್ಕದಲ್ಲಿ ನಿಂತಿದ್ದ ಶಿಷ್ಯೆಯತ್ತ ಹುಬ್ಬು ಹಾರಿಸಿದ. "ನೋಡಿದ್ಯಾ? ಇಲ್ಲದ ಸದ್ದು, ಇಲ್ಲದ ಸಂಚು. ಸ್ಕಿಜೋಫ್ರೇನಿಯಾ."

"ನಾನಿನ್ನೂ ಕೂತೇ ಇಲ್ವಲ್ಲ" ಎಂದಳು ಹೆಂಗಸು.

ಶಿಷ್ಯೆಗೆ ನಗು ತಡೆಯಲಾಗಲಿಲ್ಲ. ದಾದಿಯರು ಹೆಂಗಸಿನ ತೋಳು ಹಿಡಿದು ಕರೆದೊಯ್ದರು. ಚುಚ್ಚುಮದ್ದಿನ ಪ್ರಮಾಣವನ್ನು ಹದ್ದೇ ಹೇಳಿದ. ತಂಗಿಯ ಗಂಡ ಕೈಮುಗಿದು ಹೋದ. ಅವನು ಹೊಸಿಲು ದಾಟಿದ ಮರುಗಳಿಗೆಯೇ ಫಿನಾಯಿಲಿನ ವಾಸನೆಯನ್ನು ಸೀಳಿಕೊಂಡು ಇನ್ನೊಂದು ವಾಸನೆ ಎದ್ದಿತು. ಕೂದಲು ಸುಟ್ಟ ವಾಸನೆ.

ಊಟಕ್ಕೆ ಕೂತಾಗ ಸದ್ದು ಶುರುವಾಯಿತು. ಕರ್ರ್. ಕರ್ರ್. ಗಾರೆಯ ಮೇಲೆ ಉಗುರು. ಇಲಿ ಎಂದುಕೊಂಡ. ಎದ್ದು ಪಕ್ಕದ ಕೋಣೆಗೆ ಹೋದ. ಸದ್ದು ಅಲ್ಲಿನ ಗೋಡೆಗೆ ಬಂತು. ಮೆಟ್ಟಿಲಿಳಿದ. ಮೆಟ್ಟಿಲ ಗೋಡೆಯಲ್ಲಿ ಅದೇ ಉಗುರು. ಕಿವಿಯಾನಿಸಿದ. ಒಣಗಿದ ಗಂಟಲಿನ ಉಸಿರು. ಅದರೊಳಗಿಂದ, ನೂಲಿನಷ್ಟು ಸಣ್ಣಗೆ, "ಅಕ್ಕಾ."

ಅವನ ಬೆನ್ನು ತಣ್ಣಗಾಯಿತು. ಅದಕ್ಕೂ ಮೊದಲು ಮುಖ ಬಿಸಿಯಾಗಿತ್ತು. ಅದು ಭಯವಲ್ಲ, ನಾಚಿಕೆ.

ಓಡಿಹೋಗಿ ಶಿಷ್ಯೆಯನ್ನು ಹಿಡಿದು ನಿಲ್ಲಿಸಿದ. "ಆ ಹೆಂಗಸು ಹೇಳಿದ್ದು ನಿಜ. ಅವಳ ತಂಗೀನ ಕೂಡಿಹಾಕಿದ್ದಾರೆ. ಬದುಕಿದ್ದಾಳೆ. ಈಗಲೇ ಯಾರನ್ನಾದ್ರೂ ಕಳಿಸು."

ಒಂದು ಮಾತೂ ತಪ್ಪಿರಲಿಲ್ಲ. ಆದರೆ ಮೊದಲ ಪದಕ್ಕೇ ಶಿಷ್ಯೆಯ ಕಣ್ಣಿನ ಮೇಲೆ ತೆಳುವಾದ ಪೊರೆ ಇಳಿದಂತಾಯಿತು. ಅವನು ಕಲಿಸಿದ್ದ ಮೆದು ದನಿಯಲ್ಲಿ ಅವಳು ಕೇಳಿದಳು: "ಯಾವಾಗಿಂದ ಹೀಗನ್ನಿಸ್ತಿದೆ ಸಾರ್?"

ಪೊಲೀಸರಿಗೆ ಫೋನ್ ಮಾಡಿದ. "ಯಾವ ವಾರ್ಡಿಂದ ಮಾತಾಡ್ತಿದೀರಿ?" ಎಂದಿತು ಆ ಕಡೆಯ ದನಿ. ಹಿಂದೆ ಯಾರೋ ಕಿಸಕ್ಕೆಂದರು. ಆಸ್ಪತ್ರೆಯವರಿಗೆ ಮೆಲ್ಲಗೆ ಹೇಳಿದರೆ ಖಿನ್ನತೆ ಎಂದರು. ಕೂಗಿದರೆ ಉನ್ಮಾದ ಎಂದರು. ಬಾಯಿ ಮುಚ್ಚಿ ಕೂತರೆ ಅದಕ್ಕೂ ಅವರ ಬಳಿ ಹೆಸರಿತ್ತು. ಗೇಟಿನತ್ತ ಓಡಿದವನನ್ನು ಕಾವಲಿನವರು ಹಿಡಿದು, ತೋಳು ತಿರುಚಿ, ಅದೇ ಕೋಣೆಗೆ ತಂದರು.

ಮಧ್ಯಾಹ್ನ ಅವನು ನಿಂತಿದ್ದ ಜಾಗದಲ್ಲಿ ಈಗ ಶಿಷ್ಯೆ ನಿಂತಿದ್ದಳು. ಬಾಗಿಲಿನಿಂದ ಕುರ್ಚಿಯವರೆಗಿನ ದಾರಿ ಅಷ್ಟು ಉದ್ದವೆಂದು ಅವನಿಗೆ ಅಂದೇ ತಿಳಿದದ್ದು. ಗುಂಡಿ ಕಿತ್ತುಹೋಗಿತ್ತು. ಹೆಜ್ಜೆ ಎಳೆಯುತ್ತಿತ್ತು. ಕೈ ಚಾಚಿದ. ಕುರ್ಚಿ ಇನ್ನೂ ಸಿಕ್ಕಿರಲಿಲ್ಲ.

"ಸ್ಕಿಜೋಫ್ರೇನಿಯಾ" ಎಂದಳು ಶಿಷ್ಯೆ, ಕಣ್ಣೊರೆಸಿಕೊಳ್ಳುತ್ತ.

ಸೂಜಿ. ಕತ್ತಲು. ಕತ್ತಲಿನೊಳಗೂ ಉಗುರು. ಮರುದಿನವೂ ಉಗುರು. ಅದರ ಮರುದಿನ ಸದ್ದುಗಳ ನಡುವೆ ಬಿಡುವು ಹೆಚ್ಚಿತು. ಸದ್ದು ಬಂದರೆ ಅವನ ಜೀವ ಹೋಗುತ್ತಿತ್ತು. ಬಾರದಿದ್ದರೆ ಇನ್ನೂ ಹೆಚ್ಚು ಹೋಗುತ್ತಿತ್ತು.

ರೋಗಿಗಳನ್ನು ಬಿಸಿಲಿಗೆ ಬಿಟ್ಟ ಹೊತ್ತಿನಲ್ಲಿ, ಅಂಗಳದ ಕಲ್ಲುಬೆಂಚಿನ ಮೇಲೆ ದರ್ಜಿ ಹೆಂಗಸು ಕಂಡಳು. ತಲೆ ಎದೆಗೆ ಬಿದ್ದಿತ್ತು. ತುಟಿಯಂಚಿನಿಂದ ಜೊಲ್ಲು ಇಳಿಯುತ್ತಿತ್ತು. ಅವನು ಹೇಳಿದ್ದ ಪ್ರಮಾಣ ಅವಳ ಮೈಯಲ್ಲಿ ಚೆನ್ನಾಗಿಯೇ ಕೆಲಸ ಮಾಡಿತ್ತು. ಅವನು ಬೆಂಚಿನ ಬಳಿ ನೆಲದ ಮೇಲೆ ಕುಕ್ಕರಿಸಿದ.

"ನನಗೂ ಕೇಳ್ತಿದೆ, ತಾಯಿ."

ಅವಳ ಕತ್ತು ಬಹಳ ಹೊತ್ತಿಗೆ ಇತ್ತ ತಿರುಗಿತು. ಕಣ್ಣಲ್ಲಿ ಪೊರೆ ಇರಲಿಲ್ಲ.

"ಈಗ... ಕೂರಲಾ?" ಎಂದಳು.

ಕೂತೇ ಇದ್ದಳು. ಅವನಿಗೆ ತಲೆ ಎತ್ತಲಾಗಲಿಲ್ಲ.

"ಹೇಳಿ."

ಮರಗಟ್ಟಿದ ನಾಲಿಗೆಯಿಂದ ಒಂದೊಂದೇ ಮಾತನ್ನು ಕಿತ್ತು ಕಿತ್ತು ಹೇಳಿದಳು. ತಂಗಿ ಗಂಡನನ್ನು ಬಿಟ್ಟು ಬರುತ್ತೇನೆಂದದ್ದು. ಮರುದಿನದಿಂದ ಅವಳು ಕಾಣದಾದದ್ದು. ಅವರ ಮನೆಯ ಬೀರುವಿನ ಹಿಂದೆ ಹಳೆಯ ಉಗ್ರಾಣವಿರುವುದು. ಗೋಡೆಗೆ ತಟ್ಟಿದರೆ ಆಚೆಯಿಂದ ಮರುತಟ್ಟುತ್ತಿದ್ದದ್ದು. ನಡುನಡುವೆ ನಿದ್ದೆಗೆ ಜಾರುತ್ತಿದ್ದಳು. ಅವನು ಕಾದ. ಒಮ್ಮೆಯೂ ಬಾಯಿ ಹಾಕಲಿಲ್ಲ. ಬಿಸಿಲು ಬೆಂಚು ಬಿಟ್ಟು ಗೋಡೆ ಹತ್ತಿತು. ಆಚೆ ಉಗುರು ಒಮ್ಮೆ ಕೆರೆಯಿತು. ನಿಂತಿತು. ಅವನ ಮೈಯೆಲ್ಲ ಎದ್ದು ಓಡೆನ್ನುತ್ತಿತ್ತು. ಓಡಿದರೆ ನಂಬುವವರು ಯಾರು? ಕಾದ. ಕೆರೆಯಿತು. ಕಾದ.

"ಅಷ್ಟೇ" ಎಂದಳು ಕೊನೆಗೆ.

ಇಷ್ಟು ದಿನ ಅವನ ಮೂಗು ಬಿಡದಿದ್ದ ಸುಟ್ಟ ಕೂದಲಿನ ವಾಸನೆ ಗಾಳಿಯಲ್ಲಿ ಕರಗಿತು. ಅವನು ಎದ್ದು ಶಿಷ್ಯೆಯ ಬಳಿ ಹೋಗಿ ಅದನ್ನೇ ಹೇಳಿದ. ಅವಳ ಮುಖ ಬಿಳಿಚಿಕೊಂಡಿತು.

"ಅಯ್ಯೋ ದೇವರೇ. ನಡೀರಿ ಸಾರ್."

ಪೊಲೀಸರು ಬಂದರು. ತಂಗಿಯ ಗಂಡ ಬಾಗಿಲಲ್ಲೇ ಕೈಮುಗಿದ. ಅವನನ್ನು ತಳ್ಳಿದರು. ಬೀರು ಸರಿಸಿದರು. ಬೀಗ. ಒಡೆದರು. ಕತ್ತಲು. ಮೂಗಿಗೆ ಅಡರಿದ ಮೂತ್ರದ ನಾತ. ಟಾರ್ಚು. ಗಾರೆಯ ತುಂಬ ಗೀರು. ಮಂಡಿಯ ಎತ್ತರದಿಂದ ಶುರುವಾಗಿ ಕೆಳಗೆ, ಇನ್ನೂ ಕೆಳಗೆ ಇಳಿದ ಗೀರು. ನೆಲಕ್ಕೆ ತಾಗುವಲ್ಲಿ ಒಂದು ಕೈ. ಹದ್ದು ನಾಡಿ ಹುಡುಕಿದ. ಮಣಿಕಟ್ಟಿನಲ್ಲಿ ಇಲ್ಲ. ಕತ್ತಿನಲ್ಲಿ ಇಲ್ಲ. ಎದೆಗೆ ಕಿವಿ ಇಟ್ಟ.

ಮೈ ಇನ್ನೂ ಬೆಚ್ಚಗಿತ್ತು.

ಮರಳಿ ಬಂದಾಗ ದರ್ಜಿ ಹೆಂಗಸು ಅದೇ ಬೆಂಚಿನ ಮೇಲಿದ್ದಳು. ಒಳಗೆ ಬಾ ಎಂದರೂ ಬಂದಿರಲಿಲ್ಲವಂತೆ.

"ನೀವಿರಿ ಸಾರ್, ನಾನು ಹೇಳ್ತೀನಿ" ಎಂದಳು ಶಿಷ್ಯೆ. ಅವನು ಬೇಡವೆಂದು ತಲೆಯಾಡಿಸಿದ.

"ಸಿಕ್ಕಿದಳಾ?" ಹೆಂಗಸು ಕೇಳಿದಳು.

ಈಗ ಅವನ ಮಾತನ್ನು ಯಾರೂ ಹುಚ್ಚೆನ್ನುತ್ತಿರಲಿಲ್ಲ. ಅನ್ನಬಾರದೇ ಎಂದು ಅವನಿಗೆ ಅನ್ನಿಸಿತು. ಅವಳ ಕಾಲಬಳಿ ಕೂತು ಎಲ್ಲವನ್ನೂ ಹೇಳಿದ. ಬೀರು, ಬೀಗ, ಗೀರುಗಳು, ಬೆಚ್ಚಗಿದ್ದ ಕೈ. ಅವಳ ತಂಗಿ ಬದುಕಿದ್ದಾಗಲೇ ಕೈಗೆ ಸಿಗಬಹುದಾಗಿದ್ದ ಆ ಮಧ್ಯಾಹ್ನ. ತಾನು ಅವಳತ್ತ ನೋಡದೆಯೇ ಇದ್ದದ್ದು.

ಅವಳು ಒಂದು ಸಲವೂ ತಡೆಯಲಿಲ್ಲ. ಕೊನೆಯವರೆಗೂ ಕೇಳಿದಳು.