ಏರಿ ಮೇಲಿನ ನಾಲ್ಕು ತತ್ತಿ

"ಏ ಪರಸಪ್ಪಾ, ಲಗೂನ ಬಾರೋ! ನಾಕು ತತ್ತಿ! ಏರಿ ಮ್ಯಾಲ!"

ಉಳವಪ್ಪಜ್ಜ ಕೆರೆಯ ಏರಿಯ ಮೇಲೆ ನಿಂತು ಕೂಗಿದ. ಮಗ್ಗುಲಲ್ಲೇ ಇಟ್ಟ ಕೋಲು ಕಾಣದೆ ಮನೆಯೆಲ್ಲ ಹುಡುಕುವ ಅಜ್ಜ ಅವನು. ಕಲ್ಲುಗಳ ನಡುವೆ ಕಲ್ಲಿನ ಬಣ್ಣದ್ದೇ ಆಗಿದ್ದ ಆ ತತ್ತಿಗಳು ಅವನಿಗೆ ಹೇಗೆ ಕಂಡವೋ ಏನೋ!

ಅಜ್ಜನ ಬೆನ್ನ ಹಿಂದೆ ನಿಂತಿದ್ದ ಮೊಮ್ಮಗಳು ಕೆಂಚವ್ವ ಮಾತ್ರ ಆ ಕಡೆ ನೋಡಲಿಲ್ಲ. ಅವಳು ನೋಡುವುದೇನು? ಹೊತ್ತು ಮೂಡುವ ಮೊದಲೇ ಅವನ್ನು ಅಲ್ಲಿ ತಂದಿಟ್ಟವಳು ಅವಳೇ.

ನಿನ್ನೆಯವರೆಗೆ ಆ ತತ್ತಿಗಳು ಕೆಳಗೆ, ಒಣಗಿದ ಕೆರೆಯಂಗಳದಲ್ಲಿದ್ದವು. ಟಿಟ್ಟಿಭ ಹಕ್ಕಿ ಗೂಡು ಕಟ್ಟುವುದಿಲ್ಲ. ನೆಲ ಕೆದರಿ, ಸುತ್ತ ಒಂದಿಷ್ಟು ಹರಳು ಜೋಡಿಸಿ, ಅಲ್ಲೇ ತತ್ತಿ ಇಟ್ಟುಬಿಡುತ್ತದೆ. ಊರವರೋ ಪ್ರತಿ ಬೇಸಿಗೆಯಲ್ಲೂ ಕೆರೆಯ ಗೋಡುಮಣ್ಣು ಅಗೆದು ಚಕ್ಕಡಿಯಲ್ಲಿ ಹೊಲಕ್ಕೆ ಹೇರುತ್ತಾರೆ. ಇವತ್ತು ಚಕ್ಕಡಿಗಳು ಆ ಕಡೆಗೇ ಬರುವವಿದ್ದವು. ಒಂದು ಗಾಲಿ ಹರಿದರೆ ಸಾಕು, ಮುಗಿಯಿತು.

ಅದಕ್ಕೇ ಕೆಂಚವ್ವ ಶಾಲೆಗೆ ಸೂಟಿಯಿದ್ದರೂ ಬೇಗ ಎದ್ದಿದ್ದಳು. ಹಕ್ಕಿ ತಲೆಯ ಮೇಲೇ ಹಾರಿ ಕಿರುಚಿದರೂ ಬಿಡದೆ, ತತ್ತಿಗಳನ್ನು ಪರಕಾರದ ಉಡಿಯಲ್ಲಿಟ್ಟುಕೊಂಡು ಏರಿ ಹತ್ತಿದ್ದಳು. ಹಕ್ಕಿ ತನ್ನ ಹಿಂದೆಯೇ ಬರುತ್ತದೆ ಎಂದುಕೊಂಡಿದ್ದಳು. ಅಜ್ಜ ಏನೆಂದುಕೊಳ್ಳುತ್ತಾನೆ ಎಂಬುದು ಮಾತ್ರ ಅವಳ ತಲೆಗೆ ಹೊಳೆದಿರಲಿಲ್ಲ.

ಪಕ್ಕದ ಹೊಲದ ಪರಸಪ್ಪ ಏದುಸಿರು ಬಿಡುತ್ತ ಏರಿ ಹತ್ತಿ ಬಂದ.

"ನೋಡು," ಎಂದ ಅಜ್ಜ. "ಟಿಟ್ಟಿಭ ಕೆರಿ ಒಳಗ ತತ್ತಿ ಇಟ್ರ ಮಳಿ ತಡಾ. ಏರಿ ಮ್ಯಾಲ ಇಟ್ರ ಲಗೂನ ಬರ್ತೈತಿ, ಕೆರಿನೂ ತುಂಬತೈತಿ. ನಾಳೀನ ಕೂರಗಿ ಹೂಡಿ ಬತ್ತ ಬಿತ್ತೂಣು!"

"ಗ್ರಾಮಸೇವಕರು ಇನ್ನೊಂದು ವಾರ ತಡೀರಿ ಅಂದಾರಲ್ಲ, ಕಾಕಾ?"

"ಅವ ಸೈಕಲ್ ಮ್ಯಾಲ ಬಂದು ಸೈಕಲ್ ಮ್ಯಾಲ ಹೋಗಾಂವ. ಈ ಹಕ್ಕಿ ಇಲ್ಲೇ ಇರೂದು. ಯಾರ ಮಾತು ಕೇಳ್ತಿ?"

ಅಜ್ಜ ನಕ್ಕ. ಅವನು ಹಾಗೆ ಬಾಯ್ತುಂಬ ನಕ್ಕು ಎಷ್ಟೋ ದಿನವಾಗಿತ್ತು. ಹೋದ ವರ್ಷ ಮಳೆ ತಡವಾಗಿ, ಬಿತ್ತಿದ ಬತ್ತವನ್ನೆಲ್ಲ ಇರುವೆಗಳು ಹೊತ್ತುಕೊಂಡು ಹೋಗಿದ್ದವು. ಅಜ್ಜನ ನಗು ನೋಡಿ ಕೆಂಚವ್ವನಿಗೂ ಖುಷಿಯಾಯಿತು. ತತ್ತಿ ಉಳಿದವು, ಅಜ್ಜನೂ ನಕ್ಕ. ಸುಮ್ಮನಿದ್ದರಾಯಿತು ಎಂದುಕೊಂಡಳು.

ಆಗ ಕೆಳಗೆ ಹಕ್ಕಿ ಕಂಡಿತು.

ಕೆರೆಯ ನಡುವೆ ಉಳಿದಿದ್ದ ಚೂರು ನೀರಿನಲ್ಲಿ ಟಿಟ್ಟಿಭ ಹೊಟ್ಟೆ ಅದ್ದಿತು. ತನ್ನ ಹಳದಿ ಕಾಲುಗಳಲ್ಲಿ ಪುಟುಪುಟು ಓಡಿ, ಖಾಲಿ ತಗ್ಗಿನ ಮೇಲೆ ಕುಳಿತುಕೊಂಡಿತು. ಎದ್ದಿತು. ಕೆಳಗೆ ಇಣುಕಿತು. ಒಂದು ಸುತ್ತು ತಿರುಗಿ ಮತ್ತೆ ನೀರಿಗೆ ಓಡಿತು.

ಕೆಂಚವ್ವ ವಾರದಿಂದ ಅದನ್ನು ನೋಡಿ ಬಲ್ಲಳು. ಬಿಸಿಲು ಏರಿದಾಗೆಲ್ಲ ಅದು ಹೀಗೇ ಹೊಟ್ಟೆ ತೋಯಿಸಿಕೊಂಡು ಬಂದು ತತ್ತಿಗಳನ್ನು ತಂಪು ಮಾಡುತ್ತಿತ್ತು. ಇವತ್ತೂ ನೀರು ತಂದಿದೆ. ತತ್ತಿಗಳೇ ಇಲ್ಲ.

ಅವಳು ಬಗ್ಗಿ ಏರಿ ಮೇಲಿನ ಒಂದು ತತ್ತಿ ಮುಟ್ಟಿದಳು. ಸುಡುತ್ತಿತ್ತು.

ಹೇಳಿದರೆ ಪರಸಪ್ಪನ ಎದುರಿಗೇ ಅಜ್ಜನ ಮುಖ ಸಣ್ಣದಾಗುತ್ತದೆ. ಹೇಳದಿದ್ದರೆ? ತತ್ತಿಯೊಳಗಿನ ಮರಿಗಳು ಇವತ್ತೇ ಸಾಯುತ್ತವೆ. ನಾಳೆ ಅಜ್ಜ ಬೀಜದ ಬತ್ತವನ್ನೂ ಒಣಮಣ್ಣಿಗೆ ಸುರಿಯುತ್ತಾನೆ.

"ಅಜ್ಜಾ," ಎಂದಳು. "ಈ ತತ್ತಿ ಹಕ್ಕಿ ಇಟ್ಟಿದ್ದಲ್ಲ. ನಾ ಇಟ್ಟಿದ್ದು."

"ಯವ್ವಾ! ನೀ ಯಾವಾಗಿಂದ ತತ್ತಿ ಇಡಾಕ ಹತ್ತೀದಿ?" ಪರಸಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

ಕೆಂಚವ್ವ ನಗಲಿಲ್ಲ. ನಡೆದದ್ದನ್ನೆಲ್ಲ ಹೇಳುವಷ್ಟರಲ್ಲಿ ಅವಳ ಕಣ್ಣೀರು ಗಲ್ಲದ ಮೇಲೆ ಇಳಿದಿತ್ತು. ಅಜ್ಜನ ಮುಖ ಕೆಂಪಗಾಯಿತು. ಅವನು ಅವಳನ್ನು ನೋಡಿದ, ಪರಸಪ್ಪನನ್ನು ನೋಡಿದ. ಆಮೇಲೆ ಕೆಳಗೆ ಒದ್ದೆ ಹೊಟ್ಟೆಯಲ್ಲಿ ಓಡಾಡುತ್ತಿದ್ದ ಹಕ್ಕಿಯನ್ನು ಬಹಳ ಹೊತ್ತು ನೋಡಿದ.

"ನಡಿ, ಒಯ್ದು ಇಡು," ಎಂದ. "ಓಡಬ್ಯಾಡ. ಬಿದ್ದಿ ಅಂದ್ರ ಎಲ್ಲಾ ಹೋತು."

ಕೆಂಚವ್ವ ತತ್ತಿಗಳನ್ನು ಮೊದಲಿದ್ದ ಹಾಗೆಯೇ, ಚೂಪು ತುದಿ ಒಳಗೆ ಮಾಡಿ, ತಗ್ಗಿನಲ್ಲಿಟ್ಟಳು. ದೂರ ಬಂದು ಉಸಿರು ಬಿಗಿಹಿಡಿದು ಕೂತಳು. ಹಕ್ಕಿ ಬಂತು. ಇಣುಕಿತು. ಒದ್ದೆ ಹೊಟ್ಟೆಯನ್ನು ಮೆಲ್ಲಗೆ ಇಳಿಸಿ ಕುಳಿತಿತು. ಮತ್ತೆ ಏಳಲಿಲ್ಲ.

"ಚಕ್ಕಡಿ ದಾರಿ ಅದ ಐತಲ್ಲ, ಕಾಕಾ?" ಎಂದ ಪರಸಪ್ಪ.

ಅಜ್ಜ ತನ್ನ ತಲೆಯ ಕೆಂಪು ರುಮಾಲು ಬಿಚ್ಚಿ ಕೋಲಿಗೆ ಕಟ್ಟಿದ. ಹಕ್ಕಿಯಿಂದ ಹತ್ತು ಮಾರು ಈಚೆ ಅದನ್ನು ನೆಟ್ಟ. "ಇದರ ಈ ಕಡಿಂದ ಹೊಡೀರಿ. ಎಲ್ಲಾರಿಗೂ ಹೇಳು."

"ಮತ್ತ ಕೂರಗಿ?"

"ತಡಿಯೋ ಮಾರಾಯಾ! ಹಕ್ಕಿ ಕೆಳಗ ಇಟ್ಟೈತಿ ಅಂತ ನನ್ನ ಮೊಮ್ಮಗಳು ಹೇಳಲಿಲ್ಲೇನು?"

ಬರಿತಲೆಯಲ್ಲಿ, ಕೋಲಿಲ್ಲದೆ, ಅಜ್ಜ ಕೆಂಚವ್ವನ ಹೆಗಲು ಹಿಡಿದು ಮನೆಗೆ ಹೊರಟ. ಬೈಯಲಿಲ್ಲ. ಹೆಗಲನ್ನೂ ಬಿಡಲಿಲ್ಲ.

ಮುಂಗಾರಿನ ಮೊದಲ ಮಳೆಯಾದ ಮಿರಗದ ಮಳೆ ಆ ವರ್ಷ ಹತ್ತು ದಿನ ತಡವಾಗಿ ಬಂತು. ಹಕ್ಕಿಯ ಮಾತೇ ಖರೆಯಾಯಿತು ಎಂದು ಅಜ್ಜ, ಗ್ರಾಮಸೇವಕರದೇ ಖರೆ ಎಂದು ಪರಸಪ್ಪ ಕಟ್ಟೆಯ ಮೇಲೆ ವಾದಕ್ಕಿಳಿದರು. ತಡೆದು ಬಿತ್ತಿದ ಬತ್ತವಂತೂ ಅಚ್ಚುಕಟ್ಟಾಗಿ ಮೊಳೆಯಿತು.

ಆಮೇಲೆ ಒಂದು ರಾತ್ರಿ ಜೋರು ಮಳೆ ಸುರಿಯಿತು. ಬೆಳಗ್ಗೆ ಕೆಂಚವ್ವ ಕೆರೆಗೆ ಓಡಿದಳು. ಅಜ್ಜನ ಕೋಲು ಅರ್ಧ ನೀರಿನಲ್ಲಿ ನಿಂತಿತ್ತು. ತಗ್ಗು ಇದ್ದಲ್ಲೆಲ್ಲ ನೀರು. ಅವಳು ನೀರಿನ ಅಂಚಿನುದ್ದಕ್ಕೂ ಹುಡುಕಿದಳು.

"ಟಿಟ್ಟಿಟ್ಟಿರ್ರೀ!" ಏರಿಯ ಮೇಲಿಂದ ಕೂಗು ಕೇಳಿತು.

ಅಲ್ಲಿ ತಾಯಿಹಕ್ಕಿ. ಅದರ ಹಿಂದೆ ಹತ್ತಿಯ ಉಂಡೆಗೆ ಕಡ್ಡಿ ಚುಚ್ಚಿದ ಹಾಗೆ ಒಂದು, ಎರಡು, ಮೂರು, ನಾಲ್ಕು ಮರಿಗಳು ಏರಿ ಹತ್ತುತ್ತಿದ್ದವು. ಕೊನೆಯ ಮರಿ ಕಲ್ಲೊಂದನ್ನು ಹತ್ತಲು ಹೋಗಿ ಉರುಳಿ ಬಿತ್ತು.

ಕೆಂಚವ್ವನ ಕೈ ತಾನಾಗಿಯೇ ಮುಂದೆ ಹೋಯಿತು. ಅವಳು ಕೈಯನ್ನು ಹಿಂದೆ ತೆಗೆದುಕೊಂಡಳು. ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಒದ್ದೆ ಹುಲ್ಲಿನ ಮೇಲೆ ಕೂತಳು.

ಮರಿ ಎದ್ದಿತು. ಮೈ ಕೊಡವಿತು. ಕಲ್ಲನ್ನು ಸುತ್ತಿಕೊಂಡು ಮೇಲೆ ಹೋಯಿತು.