ನೂರಹತ್ತು ವರ್ಷದ ಸೇನಾಪತಿ

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಹಂಗಳದ ಬಸ್ಸಿಗೆ ಕಾಯುತ್ತಾ, ಗುರುಸಿದ್ದಯ್ಯನಿಗೆ ಬೈಯಬೇಕಾದ್ದನ್ನೆಲ್ಲ ಸಾಲಾಗಿ ಜೋಡಿಸಿಕೊಂಡೆ. ಹೆಸರು ಕೇಳಿ ಮುದುಕ ಅಂದ್ಕೋಬೇಡಿ. ವಯಸ್ಸು ಮೂವತ್ತೊಂದು, ಚಾಮರಾಜನಗರದ ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಮೇಷ್ಟ್ರು. ನಗುವಾಗ ತುಟಿಗಿಂತ ಮೊದಲು ಕಣ್ಣು ನಗುತ್ತೆ. ಆ ಕಣ್ಣು ನೋಡಿಯೇ ನಾನು ಕೆಟ್ಟಿದ್ದು.

ನಾನು ಹರದನಹಳ್ಳಿಯ ಶಿವರಂಜಿನಿ, ಅದೇ ಕಾಲೇಜಲ್ಲಿ ಹಿಸ್ಟರಿ ಲೆಕ್ಚರರ್. ನನ್ನ ಪಿಎಚ್‌ಡಿ ಬೈಜಾಂಟಿಯಂ ಸಾಮ್ರಾಜ್ಯದ ಮೇಲೆ. ಸಾವಿರ ವರ್ಷದ ಹಿಂದೆ ಅದರ ರಾಜಧಾನಿ ಕಾನ್‌ಸ್ಟಾಂಟಿನೋಪಲಿನ ದೊಡ್ಡ ಮನೆತನಗಳಲ್ಲಿ ಯಾರು ಯಾರಿಗೆ ಬೀಗರು, ಯಾರು ಯಾರಿಗೆ ಕಾಗದ ಬರೆದರು, ಅರಮನೆಯಲ್ಲಿ ಯಾರ ಮಾತು ನಡೀತಿತ್ತು ಅನ್ನೋದು ವಿಷಯ. ಹಳೇ ಪತ್ರ, ಸೀಸದ ಮುದ್ರೆಗಳ ಪಟ್ಟಿ ಎಲ್ಲ ಜಾಲಾಡಿ ಸಾವಿರದ ನಾನೂರು ಜನರನ್ನು ಎಕ್ಸೆಲ್‌ಗೆ ಏರಿಸಿದ್ದೆ. ಒಬ್ಬೊಬ್ಬರು ಒಂದೊಂದು ಚುಕ್ಕಿ, ಸಂಬಂಧಕ್ಕೊಂದು ಗೆರೆ. ಯಾವ ಚುಕ್ಕಿಗೆ ಗೆರೆ ಜಾಸ್ತಿಯೋ ಅವನೇ ಪ್ರಭಾವಿ. ಆ ನೆಟ್‌ವರ್ಕ್ ಮಾಡಿಕೊಟ್ಟವನು ಗುರು.

ನಿನ್ನೆ ಶನಿವಾರ ಅದನ್ನು ಪಿಎಚ್‌ಡಿ ಕಮಿಟಿ ಮುಂದೆ ಪರದೆ ಮೇಲೆ ಹಾಕಿದೆ. ನಟ್ಟನಡುವೆ ನಿಕೆಫೊರೊಸ್ ಅನ್ನೋ ಒಬ್ಬ ಸೇನಾಪತಿ. "ಇವನೇ ಆ ಕಾಲದ ಅತಿ ದೊಡ್ಡ ಕುಳ" ಅಂತ ಜಂಬದಿಂದ ಹೇಳಿದೆ. ಹಿರಿಯ ಮೇಷ್ಟ್ರೊಬ್ಬರು ಕನ್ನಡಕ ಏರಿಸಿ, "ನೂರಹತ್ತು ವರ್ಷ ಸೇನಾಪತಿ ಆಗಿದಾನಲ್ಲಮ್ಮ, ಏನು ತಿಂತಿದ್ದ?" ಅಂದರು. ಎಲ್ಲರೂ ಘೊಳ್ ಅಂತ ನಕ್ಕರು.

ತಾತನ ಹೆಸರೇ ಮೊಮ್ಮಗನಿಗೆ. ಇಬ್ಬರನ್ನೂ ಸೇರಿಸಿ ಒಂದೇ ಚುಕ್ಕಿ ಮಾಡಿಟ್ಟಿದ್ದ ಈ ಮಹಾಶಯ! ಅಂಥವು ಒಂದಲ್ಲ, ಎಪ್ಪತ್ತೆರಡು. ಹದಿನೈದು ದಿನದಲ್ಲಿ ಸರಿಮಾಡಿ, ಇಲ್ಲದಿದ್ರೆ ರಿಜಿಸ್ಟ್ರೇಶನ್ ರದ್ದು ಅಂದರು. ಐದು ವರ್ಷದ ಕೆಲಸ ಕಣ್ರೀ!

ಹಂಗಳದಲ್ಲಿ ಇಳಿದೆ. ಚೆಂಡುಹೂವಿನ ಹೊಲದ ಪಕ್ಕದಲ್ಲೇ ಅವನ ಮನೆ. ಅವನ ತಾಯಿ ಈರಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. "ಮಗಾ, ಯಾರೋ ನಿನ್ನ ಕೇಳ್ಕಂಡು ಬಂದವ್ರೆ" ಅಂತ ಒಳಕ್ಕೆ ಕೂಗಿದರು. ಮಗನ ಹೆಸರು ಅವರ ಬಾಯಲ್ಲಿ ಬರಲ್ಲ. ಅದು ಮಾವನ ಹೆಸರೂ ಹೌದಲ್ಲ, ಸೊಸೆ ಹೇಳೋ ಹಾಗಿಲ್ಲ. ಗುರುವೇ ಒಂದು ದಿನ ನಗುತ್ತಾ ಇದನ್ನು ನನಗೆ ಹೇಳಿದ್ದ.

ಬಾಗಿಲಿಗೆ ಬಂದವನನ್ನು ನೋಡಿದ್ದೇ ತಡ, ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಚೆಲ್ಲಾಪಿಲ್ಲಿ ಆಯ್ತು.

"ನಿಮ್ಮನೇಲೇ ಇಬ್ಬರು ಗುರುಸಿದ್ದಯ್ಯ! ಒಬ್ಬರು ಗೋಡೆ ಮೇಲೆ ಫೋಟೋದಲ್ಲಿ, ಇನ್ನೊಬ್ಬ ಬನಿಯನ್ ಹಾಕ್ಕೊಂಡು ನನ್ನ ಮುಂದೆ! ನಿನಗೂ ಹೊಳೀಲಿಲ್ವಾ?"

ಕಮಿಟಿಯಲ್ಲಿ ಆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವನ ಮುಖ ಬಾಡಿತು.

"ಹೊಳೆದಿತ್ತು" ಅಂದ.

"ಏನು?"

"ಒಂದೇ ಹೆಸರಿನವರು ಒಬ್ಬರೋ ಇಬ್ಬರೋ ಅಂತ ಡೌಟ್ ಬಂದಿತ್ತು. ಕೇಳೋಣ ಅಂತ ಮೂರು ಸಲ ಸ್ಟಾಫ್ ರೂಮಿಗೆ ಬಂದೆ. 'ಡೂಪ್ಲಿಕೇಟ್ ಎಲ್ಲ ತೆಗೀರಿ ಅಂದ್ನಲ್ಲ, ಇನ್ನೊಂದು ಪ್ರಶ್ನೆ ಕೇಳಿದ್ರೆ ನೋಡಿ' ಅಂದ್ರಿ. ನೀವು ಸಿಟ್ಟಾದ್ರೆ ನಂಗೆ ಎರಡು ದಿನ ಅನ್ನ ಸೇರಲ್ಲ. ಸುಮ್ಮನಾಗಿಬಿಟ್ಟೆ."

"ಹೇಡಿ!"

"ಹೌದು. ತಪ್ಪು ನಂದೇ."

ಪೂರ್ತಿ ಅವನದಲ್ಲ ಅಂತ ನನಗೆ ಗೊತ್ತಾಯ್ತು. ಅದಕ್ಕೇ ಸಿಟ್ಟು ಇನ್ನೂ ನೆತ್ತಿಗೇರಿತು.

"ಕಾಪಿ ಕುಡ್ಕಂಡು ಬಯ್ಯಿ ಕಣಮ್ಮಿ, ಗಂಟ್ಲು ಒಣಗೋಗದೆ" ಅಂತ ಈರಮ್ಮ ಲೋಟ ಕೈಗಿಟ್ಟು, ಹೂ ಕೀಳೋಕೆ ಹೊಲಕ್ಕೆ ಹೋದರು.

ಗುರು ಲ್ಯಾಪ್‌ಟಾಪ್ ತಂದು ಪಕ್ಕದಲ್ಲಿ ಕೂತ. ಒಂದೊಂದೇ ಜೋಡಿ ಬಿಡಿಸಿದೆವು. ನಾನು ಮುದ್ರೆಯ ಕಾಲ, ಹುದ್ದೆ, ಹೆಂಡತಿಯ ಮನೆತನ ಹೇಳೋದು, ಅವನು ತಾತನನ್ನು ಅತ್ತ, ಮೊಮ್ಮಗನನ್ನು ಇತ್ತ ಇಡೋದು. ನಡುವೆ ಅವನು ನನ್ನ ಕಡೆ ನೋಡಿದಾಗಲೆಲ್ಲ "ಸ್ಕ್ರೀನ್ ನೋಡು" ಅಂತ ಗದರಿದೆ. ಸಂಜೆಯೊಳಗೆ ಇಪ್ಪತ್ತಾರು ಜೋಡಿ ಬೇರೆಯಾದವು. ಹೀಗೇ ಕೂತರೆ ವಾರದಲ್ಲಿ ಮುಗಿಯುತ್ತೆ ಅನ್ನಿಸಿ ಜೀವ ಬಂತು.

"ಇನ್ನೊಂದು ಡೌಟ್ ಇದೆ" ಅಂದ.

"ಕೇಳು ಮಾರಾಯ! ಕೇಳದೆ ಏನಾದ್ರೂ ಮಾಡಿದ್ರೆ ಕೊಂದೇಬಿಡ್ತೀನಿ."

"ಫೋನಲ್ಲೇ ಬೈಬಹುದಿತ್ತು. ಎರಡು ಬಸ್ ಹತ್ತಿ ಯಾಕೆ ಬಂದ್ರಿ?"

"ಬೇರೆ ಯಾರಾದ್ರೂ ಆಗಿದ್ರೆ ಒಂದು ಮೇಲ್ ಹಾಕಿ ಕೈ ತೊಳ್ಕೋತಿದ್ದೆ. ನಿನ್ನ ಕಂಡ್ರೆ ಪ್ರಾಣ ಕಣೋ, ಅದಕ್ಕೇ ಹೊಟ್ಟೆ ಉರಿದಿದ್ದು!"

ಅವನ ಕಣ್ಣು ನಕ್ಕಿತು. "ನಂಗೂ" ಅಂದ.

"ಯಾವಾಗಿಂದ?"

"ಎರಡು ವರ್ಷ ಆಯ್ತು."

"ಎರಡು ವರ್ಷ! ಇದನ್ನೂ ಹೆದರ್ಕೊಂಡು ಬಚ್ಚಿಟ್ಟಿದ್ಯಾ?" ಅಂತ ಮತ್ತೆ ಶುರು ಮಾಡಿದೆ. ಈ ಸಲ ಅವನು ಹೆದರಲಿಲ್ಲ. ನನ್ನ ಕೈ ಹಿಡಿದುಕೊಂಡು, ಪೂರ್ತಿ ಬೈಸಿಕೊಂಡ.