ಆರೋ ಒಂಬತ್ತೋ

ಆ ಕಾರ್ಖಾನೆಯಲ್ಲಿ ಅವಳಿಗೆ ಒಬ್ಬ ಮಾವನೂ ಇರಲಿಲ್ಲ.

ಉಳಿದವರೆಲ್ಲ ಯಾರದೋ ಅಳಿಯ, ಯಾರದೋ ನಾದಿನಿ. ಒಂಬತ್ತನೇ ಮಗ್ಗದವನು ಮಾಲೀಕರ ಸೋದರಳಿಯ. ಆರನೇ ಮಗ್ಗದ ಇವಳಿಗೆ ನೇಯಲು ಬರುತ್ತಿತ್ತು, ಅಷ್ಟೇ.

ಮೊದಲ ದಿನ ಅವಳು ನೇಯ್ದ ಬಟ್ಟೆಯ ಥಾನಿನಲ್ಲಿ ಒಂದು ಎಳೆ ತಪ್ಪಿತ್ತು. ತಪಾಸಣೆಯವನು ಅಲ್ಲಿ ಕೆಂಪು ದಾರ ಕಟ್ಟಿ ಕಣ್ಣೆತ್ತಿದ.

"ಕೈ ಸಡಿಲ ನಿಮ್ದು."

ಎಂಥ ಕಣ್ಣು... ಎಂಥ ದಡ್ಡ! ಅಂದುಕೊಂಡಳು.

ಅಂದಿನಿಂದ ಬೇರೆಯವರ ಥಾನಿಗೆ ಎರಡು ನಿಮಿಷ, ಅವಳದಕ್ಕೆ ಇಪ್ಪತ್ತು. ಅಷ್ಟು ಹೊತ್ತು ದಿಟ್ಟಿಸಿದರೆ ಯಾವ ಬಟ್ಟೆಯಲ್ಲಿ ತಪ್ಪು ಸಿಗದು! ಸಿಕ್ಕಾಗಲೆಲ್ಲ ತಲೆದೂಗುತ್ತಿದ್ದ. ಇದಕ್ಕೆ ಅವನು ಇಟ್ಟ ಹೆಸರು ಅನುಭವ.

ಒಂದು ಶನಿವಾರ ಮಾಲೀಕರು ಬಂದು ನಿಂತರು. "ಇವತ್ತು ತಪ್ಪು ಸಿಕ್ಕರೆ ಆರನೇ ಮಗ್ಗದವಳು ಚಿಂದಿ ಕೋಣೆಗೆ."

ತಪಾಸಣೆಯವನು ಒಂದು ಥಾನಿಗೆ ಹದಿನಾಲ್ಕು ಕೆಂಪು ದಾರ ಕಟ್ಟಿದ. ಇನ್ನೊಂದನ್ನು ಸವರಿ, "ಸೋದರಳಿಯನ ಕೈ ಅಂದ್ರೆ ಕೈ!" ಎಂದ.

ಅವಳು ಥಾನಿನ ಅಂಚಿನಲ್ಲಿ ಸೀಮೆಸುಣ್ಣದಿಂದ ಬರೆದ ಮಗ್ಗದ ಅಂಕಿ ತೋರಿಸಿದಳು. "ಸಾರ್, ಬಾಲ ಎತ್ತ ತಿರುಗಿದೆ ನೋಡಿ. ದಾರ ಕಟ್ಟಿದ್ದು ೯ಕ್ಕೆ. ಹೊಗಳಿದ್ದು ೬ನ್ನ."

ಅವನು ನೋಡಿದ. ಬಿಳಿಚಿದ. ಮಾಲೀಕರ ಮುಖ ನೋಡಿದ... ಸುಮ್ಮನಾದ.

ಮಾಲೀಕರು ಅವಳ ಮಾತು ನಂಬಲಿಲ್ಲ; ಅವಳು ಚಿಂದಿ ಕೋಣೆಗೆ ಹೋದಳು. ಅಂಥ ಕಣ್ಣಿನವನು ನಾಳೆಯಾದರೂ ಬಾಯಿಬಿಡುತ್ತಾನೆ ಎಂದು ನಂಬಿದಳು. ಕಣ್ಣು ನೋಡಿ ಗುಣ ಅಳೆದಳು! ಅವಳೂ ಅವನಷ್ಟೇ ದಡ್ಡಿ.

ಹನ್ನೊಂದು ತಿಂಗಳ ಮೇಲೆ ಅವನು ಆ ಬಾಗಿಲಿಗೆ ಬಂದ.

"ಮಾಲೀಕರಿಗೆ ನಿಜ ಹೇಳ್ದೆ. ನನ್ನ ಕೆಲಸ ತೆಗೆದ್ರು. ನಿಮ್ಮ ಮಗ್ಗ ಇನ್ನೊಬ್ಬ ಅಳಿಯನಿಗೆ ಹೋಗಿದೆ, ವಾಪಸ್ ಕೊಡಲ್ವಂತೆ..."

"ಇಷ್ಟು ದಿನ ಬಾಯಿಗೇನಾಗಿತ್ತು?"

"ಹೆದರಿಕೆ. ಆದ್ರೆ ಆ ಇಪ್ಪತ್ತು ನಿಮಿಷ... ನಿಮ್ಮ ಬಟ್ಟೆ ಕೆಳಗಿಡೋಕೆ ಮನಸ್ಸೇ ಬರ್ತಿರ್ಲಿಲ್ಲ."

"ಥೂ! ಅದಕ್ಕೂ ಪ್ರೀತಿ ಅಂತ ಹೆಸರಿಡಬೇಡಿ."

ಅವನು ತಲೆ ತಗ್ಗಿಸಿದ. "ಸರಿ. ಅದು ದಡ್ಡತನ. ಪ್ರೀತಿ ಆಮೇಲೆ ಬಂತು, ಈ ಕೋಣೆ ಮುಂದೆ ದಿನಾ ಓಡಾಡಿ ಓಡಾಡಿ."

ಹಾಳಾದ ಕಣ್ಣು... ಈಗಲೂ ಹಾಗೇ ಇದೆ!

ಅವಳು ಚಿಂದಿಯಿಂದ ಕೆಂಪು ದಾರ ಎಳೆದು ಅವನ ಅಂಗಿಯ ಗುಂಡಿಗೆ ಬಿಗಿಯಾಗಿ ಕಟ್ಟಿದಳು.

"ತಪ್ಪಿದೆ. ಆದ್ರೂ ಪಾಸು."

"ಅಷ್ಟು ಬೇಗ ನೋಡಿ ಆಯ್ತಾ?"

"ನಾನು ಎರಡೇ ನಿಮಿಷ ನೋಡೋದು. ನಡಿ, ನಾನೂ ಬರ್ತೀನಿ."

'ನೀವು' ಹೋಗಿ 'ನೀನು' ಆಗಿದ್ದನ್ನು ಇಬ್ಬರೂ ಕೇಳಿಸಿಕೊಂಡರು.

ಹೋದದ್ದು ಹನ್ನೊಂದು ತಿಂಗಳು, ಒಂದು ಮಗ್ಗ, ಎರಡು ಕೆಲಸ.